ಅಭ್ಯಾಸದ ಕ್ಷಮೆ

ತಡೆಯುವಷ್ಟರಲ್ಲಿ ಮಾತು ಬಾಯಿ ದಾಟಿಯಾಗಿತ್ತು. ಎತ್ತಿದ ಬಲಗೈ ಇನ್ನೂ ಗಾಳಿಯಲ್ಲೇ ಇತ್ತು. ಎದುರು ಕುರ್ಚಿಯ ಹೆಂಗಸು ಕರವಸ್ತ್ರದಿಂದ ಒಂದೊಂದೇ ಕಣ್ಣು ಒತ್ತಿಕೊಂಡಳು, ಮೂಗೊರೆಸಿಕೊಂಡಳು. ತಲೆಯೆತ್ತಿದಾಗ ಆ ಮುಖ, ಬಹಳ ದಿನ ಬೀಗ ಹಾಕಿದ್ದ ಮನೆಯ ಕಿಟಕಿಗಳನ್ನೆಲ್ಲ ಯಾರೋ ತೆರೆದಿಟ್ಟ ಹಾಗಿತ್ತು.

"ಬರ್ತೀನಿ ಫಾದರ್," ಅಂದಳು.

ಒಳಗೆ ಬರುವಾಗ ಅವನನ್ನು ಬ್ರದರ್ ಎಂದು ಕರೆದಿದ್ದಳು. ಅವನು ಈಗಲೂ ಬ್ರದರೇ. ಫಾದರ್ ಆಗಲು ಮುಂದಿನ ಭಾನುವಾರ ಬರಬೇಕಿತ್ತು, ಬಿಷಪ್ಪರ ಕೈ ತಲೆಯ ಮೇಲೆ ಬೀಳಬೇಕಿತ್ತು. ಅಲ್ಲಿಯವರೆಗೆ ಅವನು ಬರೀ ಉಪಯಾಜಕ. ಮಗುವಿಗೆ ಜ್ಞಾನಸ್ನಾನ ಮಾಡಿಸಬಹುದು, ಸತ್ತವರನ್ನು ಮಣ್ಣು ಮಾಡಬಹುದು, ಕೇಳುವವರಿದ್ದರೆ ಗಂಟೆಗಟ್ಟಲೆ ಪ್ರಸಂಗ ಕೊರೆಯಬಹುದು. ಯಾರ ಪಾಪವನ್ನೂ ಕ್ಷಮಿಸುವಂತಿಲ್ಲ. "ಪಿತನ, ಸುತನ ಹಾಗೂ ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ" ಎಂಬ ಆ ಒಂದು ಸಾಲು ಅವನ ನಾಲಗೆಗೆ ನಿಷಿದ್ಧ. ಅದನ್ನೇ ಅವನು ಹಾಡುಹಗಲಲ್ಲಿ, ಒಂದಕ್ಷರ ಬಿಡದೆ ಹೇಳಿ ಮುಗಿಸಿದ್ದ.

ಬಾಗಿಲು ಮುಚ್ಚಿಕೊಂಡಿತು. ಆಕೆ ಕೂತಿದ್ದ ಕುರ್ಚಿಯ ಮೇಲೆ ಮಡಿಸಿದ ಚೀಟಿಯೊಂದು ಉಳಿದಿತ್ತು. ಬಿಡಿಸಿದ. ರೆಕ್ಟರರ ದುಂಡನೆಯ ಅಕ್ಷರ: "ನೆರೆಮನೆಯವಳ ಮೇಲೆ ಚಾಡಿ. ಸಿಟ್ಟಿನಲ್ಲಿ ಮಗನಿಗೆ ಶಾಪ. ಅಂಗಡಿಯಲ್ಲಿ ಸಣ್ಣ ಸುಳ್ಳು." ಆಕೆ ಹೇಳಬೇಕಿದ್ದ ಪಾಪಗಳು ಅವು. ಹೇಳಿದ್ದು ಅವನ್ನಲ್ಲ.

ಫಾದರ್‌ಗಳನ್ನು ತಯಾರು ಮಾಡುವ ಗುರುಮಠದಲ್ಲಿ ಇದಕ್ಕೆ ಅಭ್ಯಾಸ ಎನ್ನುತ್ತಾರೆ. ದೀಕ್ಷೆ ಹತ್ತಿರವಾದ ಹುಡುಗರೆದುರು ಯಾರನ್ನೋ ಪಾಪಿಯಾಗಿ ಕೂರಿಸಿ, ಪಾಪನಿವೇದನೆ ಕೇಳುವುದನ್ನು ಕಲಿಸುವುದು. ಮೊದಲೆಲ್ಲ ಪಾಪಿಯ ವೇಷ ನೀತಿಶಾಸ್ತ್ರ ಕಲಿಸುವ ಮುದಿ ಫಾದರ್ ಒಬ್ಬರದೇ. ಯಾವ ಪಾಪ ಎಷ್ಟು ತೂಗುತ್ತದೆಂದು ಗುಂಜಿ ತಪ್ಪದೆ ಹೇಳುವವರಾದ್ದರಿಂದ ಹುಡುಗರು ಅವರಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ತಕ್ಕಡಿ ಫಾದರ್, ಪಾಪ ಹೇಳುವವರ ಮುಖ ಕೇಳುವವರಿಗೆ ಕಾಣದ ಹಾಗೆ ನಡುವೆ ನಿಲ್ಲಿಸುವ ಮರದ ಜಾಲರಿಯ ಆಚೆ ಕೂತು, ಒಂದು ಸಲ ಕುಡುಕನಾಗಿ, ಒಂದು ಸಲ ಸೊಸೆಯ ಕಾಟಕ್ಕೆ ಬೇಸತ್ತ ಅತ್ತೆಯಾಗಿ, ಇನ್ನೊಂದು ಸಲ ಬೆಕ್ಕಿಗೆ ಕಲ್ಲು ಹೊಡೆದ ಪೋರನಾಗಿ ಸ್ವರ ಬದಲಿಸುತ್ತಿದ್ದರು. ಕ್ಷಮೆಯ ಸಾಲು ಹತ್ತಿರ ಬಂತೋ, ಬೆರಳ ಗೆಣ್ಣಿನಿಂದ ಜಾಲರಿಗೆ ಟಕ್ ಎಂದು ಬಡಿಯುತ್ತಿದ್ದರು. ಟಕ್ ಅಂದರೆ ಬಾಯಿ ಮುಚ್ಚಬೇಕು. "ಆಟಕ್ಕೂ ಆ ಮಾತು ಆಡಬೇಡ್ರಪ್ಪ. ಉರಿಯೋ ಕಡ್ಡಿ ಹಿಡ್ಕೊಂಡು ಯಾರಾದ್ರೂ ಹುಲ್ಲಿನ ಮೇಲೆ ಕುಣೀತಾರಾ?" ಎಂಬುದು ಅವರು ಪ್ರತಿ ವರ್ಷ ಹೇಳುವ ಮಾತು.

ಗುರುಮಠದ ಮುಖ್ಯಸ್ಥರಾಗಿ ಹೊಸ ರೆಕ್ಟರ್ ಬಂದು ಇದನ್ನೆಲ್ಲ ಬುಡಮೇಲು ಮಾಡಿದರು. ಅವರು ಮನಶ್ಶಾಸ್ತ್ರ ಓದಿಕೊಂಡು ಬಂದವರು. ನಿಲುವಂಗಿಯ ಕೆಳಗೆ ಓಟದ ಬೂಟು ಹಾಕುವವರು. "ಲೋಕದಲ್ಲಿ ಪಾಪ ಮಾಡೋರೆಲ್ಲ ಬೊಚ್ಚು ಬಾಯಿ ಫಾದರ್‌ಗಳಲ್ಲ ಕಣ್ರಯ್ಯ" ಎಂದು ನಿವೃತ್ತ ಹೆಡ್‌ಮಿಸ್ಟ್ರೆಸ್ಸನ್ನೂ, ಔಷಧಿ ಅಂಗಡಿಯವರನ್ನೂ, ಪೂಜಾವಸ್ತ್ರ ಹೊಲಿದುಕೊಡುವ ದರ್ಜಿ ಅಮ್ಮನನ್ನೂ ಕರೆಸಿ ಕೈಗೊಂದೊಂದು ಪಾಪದ ಚೀಟಿ ಕೊಟ್ಟರು. ಜಾಲರಿಯನ್ನು ಬಿಚ್ಚಿಸಿ ಪ್ರಾರ್ಥನಾಲಯದ ಮೂಲೆಗೆ ಕಳಿಸಿದರು. ಬದಲಿಗೆ ಸಣ್ಣ ಕೋಣೆ, ಎದುರುಬದುರು ಎರಡು ಕುರ್ಚಿ. ಪಕ್ಕದಲ್ಲಿ ಮೇಷ್ಟ್ರು ಕೂರುವುದೂ ಬೇಡವೆಂದರು. ಯಾರೋ ಒಬ್ಬರು ಕಿವಿ ನಿಮಿರಿಸಿ ಕೂತರೆ ಮನಸ್ಸು ಬಿಚ್ಚುವುದು ಹೇಗೆ ಎಂದು ಅವರ ವಾದ. ಹೀಗೆ ಟಕ್ ಎನ್ನುವ ಬೆರಳೂ ಕೋಣೆಯಿಂದ ಹೊರಗೆ ಹೋಯಿತು.

ಊಟದ ಮನೆಯಲ್ಲಿ ಈ ಜಾಲರಿ-ಕುರ್ಚಿ ಜಗಳ ಬಹಳ ದಿನ ನಡೆದಿತ್ತು. ಕುರ್ಚಿಯ ಕಡೆ ನಿಂತು ಗಂಟಲು ಹರಿದುಕೊಂಡವರಲ್ಲಿ ಇವನೇ ಮೊದಲಿಗ. ಇವನಿಗೆ ಬೆಣ್ಣೆ ಎಂದು ಹೆಸರು ಬಿದ್ದಿತ್ತು. ಮೊದಲ ವರ್ಷ ಊಟದ ಹೊತ್ತಿಗೆ ಸಂತರ ಚರಿತ್ರೆ ಓದಲು ನಿಂತವನು, ಸಂತನ ಕುತ್ತಿಗೆಗೆ ಕತ್ತಿ ಬೀಳುವ ಜಾಗ ಬಂದಾಗ ಗೊಳೋ ಎಂದು ಅತ್ತು, ಎಲ್ಲರ ತಟ್ಟೆಯ ಅನ್ನ ಆರುವವರೆಗೆ ಓದು ನಿಲ್ಲಿಸಿದ್ದ. ಅಂದಿನಿಂದ ಬೆಣ್ಣೆ. "ಮುಖ ನೋಡದೆ ಕೊಡೋ ಕ್ಷಮೆ ಅಂಚೇಲಿ ಕಳಿಸಿದ ಹಾಗೆ ಫಾದರ್," ಎಂದು ಅವನು ಸಭೆಯಲ್ಲಿ ಎದ್ದು ನಿಂತು ಹೇಳಿದಾಗ ಎಲ್ಲರೂ ನಕ್ಕಿದ್ದರು. ತಕ್ಕಡಿ ಫಾದರ್ ಮಾತ್ರ ಕನ್ನಡಕದ ಮೇಲಿಂದ ನೋಡಿ, "ಮುಖ ನೋಡಿದ್ರೆ ನೀನು ಉಳೀತೀಯೇನಪ್ಪ?" ಎಂದಿದ್ದರು.

ಈ ಬೆಳಿಗ್ಗೆ ಅವನ ಎದುರಿಗೆ ಬಂದ ದರ್ಜಿ ಅಮ್ಮ ನಗುನಗುತ್ತಲೇ ಕೂತಿದ್ದಳು. ಚೀಟಿ ಬಿಡಿಸಿ, "ನೆರೆಮನೆಯವಳ ಮೇಲೆ ಚಾಡಿ... ನಮ್ಮ ನೆರೆಮನೆಯವಳೇ ಊರ ಚಾಡೀನೆಲ್ಲ ಗುತ್ತಿಗೆ ಹಿಡಿದವಳು ಬ್ರದರ್, ನನಗೆಲ್ಲಿ ಉಳಿಸ್ತಾಳೆ!" ಎಂದಳು. ಇಬ್ಬರೂ ನಕ್ಕರು. ಆಮೇಲೆ ಚೀಟಿಯನ್ನು ಮಡಿಸುತ್ತ, ಇನ್ನೂ ಮಡಿಸುತ್ತ, "ಇದು ಸುಮ್ನೆ ತಾನೇ? ಯಾವ ಲೆಕ್ಕಕ್ಕೂ ಇಲ್ಲ ತಾನೇ?" ಎಂದು ಕೇಳಿದಳು.

"ಇಲ್ಲಮ್ಮ. ಬರೀ ಅಭ್ಯಾಸ."

"ಹಾಗಾದ್ರೆ ಏನು ಬೇಕಾದ್ರೂ ಹೇಳಬಹುದು," ಅಂದಳು. ಹೇಳಿದಳು.

ಗಂಡ ಹಾಸಿಗೆ ಹಿಡಿದಿದ್ದ. ಮನೆ ಪಾಲಾದಾಗ ನಡುವೆ ಎದ್ದ ಗೋಡೆಯ ಜಗಳಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷ. ಕೊನೆಕೊನೆಗೆ ಗಂಡ, "ಅಣ್ಣನ್ನ ಕರೆದುಕೊಂಡು ಬಾ, ನೋಡಬೇಕು" ಎಂದ. ಆಕೆ ಹೊರಟಳು. ಬೀದಿಯ ತಿರುವಿನವರೆಗೆ ಹೋದಳು. ಆ ಮನೆಯ ಓರಗಿತ್ತಿ ಹಿಂದೊಮ್ಮೆ ಆಕೆಯನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಆಡಿದ ಮಾತುಗಳಿದ್ದವು; ಅವನ್ನು ದಾಟಿ ಕಾಲು ಮುಂದೆ ಹೋಗಲಿಲ್ಲ. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ, ಹೋಗಿ ಬರುವಷ್ಟು ಹೊತ್ತು ಕೂತಳು. ಬಂದು, "ಭಾವ ಬರಲ್ಲ ಅಂದ್ರು" ಎಂದಳು. ಗಂಡ ಗೋಡೆಯ ಕಡೆ ಮುಖ ತಿರುಗಿಸಿದ. ಪ್ರಾಣ ಹೋಗುವವರೆಗೂ ಆ ಮುಖ ಮತ್ತೆ ಈಚೆ ತಿರುಗಲಿಲ್ಲ. ಸಮಾಧಿಯ ಹತ್ತಿರ ಭಾವ ಕೈಯಲ್ಲಿ ಮಣ್ಣು ಹಿಡಿದುಕೊಂಡು, "ಒಂದು ಮಾತು ಹೇಳಿ ಕಳಿಸಬಾರದಿತ್ತೇನಮ್ಮಾ?" ಎಂದು ಮಗುವಿನ ಹಾಗೆ ಅತ್ತ.

"ಅವರ ಮುಂದೆ ನಾನೂ ಅತ್ತುಬಿಟ್ಟೆ. ಇನ್ನೇನು ಮಾಡಲಿ ಹೇಳಿ," ಅಂದಳು. "ತಿಂಗಳು ತಿಂಗಳು ಪಾಪ ಹೇಳೋಕೆ ಹೋಗ್ತೀನಿ. ಸುಳ್ಳು, ಸಿಟ್ಟು, ಹೊಟ್ಟೆಕಿಚ್ಚು ಎಲ್ಲ ಹೇಳ್ತೀನಿ. ಜಾಲರಿ ಆಚೆಯಿಂದ ಸ್ವಾಮಿಗಳು 'ಇನ್ನೇನಮ್ಮ?' ಅಂತಾರೆ. 'ಇಷ್ಟೇ ಸ್ವಾಮಿ' ಅಂತೀನಿ. ಎದ್ದು ಬಂದು ಪ್ರಸಾದ ತಗೋತೀನಿ. ಪ್ರತಿ ಸಲ ಅದು ನಾಲಗೆಗೆ ಕಲ್ಲಿಟ್ಟ ಹಾಗೆ."

ಏಳು ಸಮುದ್ರದಾಚೆ ಗಿಳಿಯ ಎದೆಯಲ್ಲಿ ಪ್ರಾಣ ಬಚ್ಚಿಟ್ಟು ಬಂದ ರಾಕ್ಷಸರ ಕಥೆಗಳನ್ನು ಬೆಣ್ಣೆ ಚಿಕ್ಕವನಾಗಿದ್ದಾಗ ಕೇಳಿದ್ದ. ಆ ಗಿಳಿಯನ್ನು ಒಬ್ಬ ಹೆಂಗಸು ಇಷ್ಟು ವರ್ಷ ಸೂಜಿದಾರದ ಡಬ್ಬಿಯ ಜೊತೆಗೆ ಹೊತ್ತು ತಿರುಗಿದ್ದು, ಈಗ ಅಂಗೈ ತೆರೆದು ತೋರಿಸಿದ್ದು ಅವನ ಕಣ್ಣಿಗೆ ಕಟ್ಟಿತು. ಅವನ ಕೈ ಮೇಲೆದ್ದಿತು. ಆ ಕ್ಷಣ ಇದು ಅಭ್ಯಾಸವೆಂದು ಮರೆತುಹೋಗಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಎಲ್ಲಿಂದಾದರೂ ಟಕ್ ಎಂದು ಕೇಳೀತೇ ಎಂದು ಅರೆಗಳಿಗೆ ಕಾದದ್ದೂ ಉಂಟು. ಕೇಳಲಿಲ್ಲ. ಹೇಳಿಬಿಟ್ಟ.

ಮಧ್ಯಾಹ್ನ ಊಟದ ಮನೆ ಗಿಜಿಗುಡುತ್ತಿತ್ತು. ಬೆಣ್ಣೆಯ ಜೊತೆಗೇ ದೀಕ್ಷೆ ಪಡೆಯಬೇಕಿದ್ದ, ಬಾಗಿಲಲ್ಲಿ ಬಗ್ಗಿಯೇ ಬರುವ ಉದ್ದಣ್ಣ ತನ್ನ ಪಾಪಿಯ ಕಥೆ ಹೇಳುತ್ತಿದ್ದ. "ನನಗೆ ಹೆಡ್‌ಮಿಸ್ಟ್ರೆಸ್ ಕಣ್ರೋ! ಪಾಪ ಹೇಳೋದಿರಲಿ, 'ಬೆನ್ನು ನೆಟ್ಟಗೆ ಮಾಡಿ ಕೂತ್ಕೋ' ಅಂದ್ರು. ಕೊನೆಗೆ ನಾನೇ 'ಕ್ಷಮಿಸಿ ಮಿಸ್' ಅಂದೆ."

ಮೇಜಿಗೆ ಮೇಜೇ ನಕ್ಕಿತು. ಬೆಣ್ಣೆ ತಟ್ಟೆಯ ಅನ್ನವನ್ನು ಒಂದು ಬದಿಗೆ ಸರಿಸಿದ.

"ಯಾಕೋ ಬೆಣ್ಣೆ, ಗಟ್ಟಿಯಾಗಿಬಿಟ್ಟಿದ್ದೀಯ? ನಿನಗೆ ಯಾರು ಸಿಕ್ಕಿದ್ರು, ಕೊಲೆಗಾರನಾ?"

"ದರ್ಜಿ ಅಮ್ಮ."

"ಅಳತೆ ತಪ್ಪಿಸಿದ ಪಾಪವಾ?"

ಅವನು ತಟ್ಟೆ ಎತ್ತಿಕೊಂಡು ಎದ್ದ. ಆಗಲೇ ಜೇಬಿನಲ್ಲಿ ಫೋನು. ತಾಯಿ. ಊರಿನವರಿಗೆಲ್ಲ ಸೇರಿ ಒಂದು ಬಸ್ಸು ಗೊತ್ತು ಮಾಡಿಯಾಯಿತಂತೆ. ಅತ್ತೆ ಕಿಟಕಿಯ ಪಕ್ಕದ ಜಾಗಕ್ಕೆ ಈಗಿನಿಂದಲೇ ಜಗಳ ಶುರು ಮಾಡಿದ್ದಾಳಂತೆ. "ನೀನು ಮೊದಲನೇ ಸಲ ಕೈಯೆತ್ತಿ ಆಶೀರ್ವಾದ ಮಾಡೋವಾಗ ನಾನು ಎದುರಿಗೇ ಇರಬೇಕು ಕಣೋ," ಎಂದಳು ತಾಯಿ. "ಮುಂದಿನ ಸಾಲು ಹಿಡಿದಿಡೋಕೆ ಯಾರಿಗಾದ್ರೂ ಹೇಳು." ಅವನು ತನ್ನ ಬಲಗೈಯನ್ನು ನೋಡಿಕೊಂಡ. ಹೂಂ ಅಂದ.

ರೆಕ್ಟರರ ಕೋಣೆಯಲ್ಲಿ ವಿದ್ಯುತ್ ಕೆಟಲು ಸದಾ ಗುರುಗುಡುತ್ತಿರುತ್ತದೆ. ಬಂದವರಿಗೆಲ್ಲ ಚಹಾ. ಬೆಣ್ಣೆ ನಿಂತುಕೊಂಡೇ ಹೇಳಿದ. ಆಕೆ ಹೇಳಿದ್ದೇನೆಂದು ಹೇಳಲಿಲ್ಲ, ತಾನು ಹೇಳಿದ್ದೇನೆಂದಷ್ಟೇ ಹೇಳಿದ. ರೆಕ್ಟರ್ ಲೋಟಕ್ಕೆ ಚಹಾ ಬಗ್ಗಿಸುವುದನ್ನು ಒಂದು ಗಳಿಗೆ ನಿಲ್ಲಿಸಿ ಮತ್ತೆ ಬಗ್ಗಿಸಿದರು.

"ಕೂತ್ಕೋ. ಅಭ್ಯಾಸದಲ್ಲಿ ಬಾಯಿ ತಪ್ಪಿತು. ಅಷ್ಟೇ ತಾನೇ?"

"ಬಾಯಿ ತಪ್ಪಲಿಲ್ಲ ಫಾದರ್."

"ತಪ್ಪಿತು," ರೆಕ್ಟರ್ ಮೆಲ್ಲಗೆ, ಮಗುವಿಗೆ ತುತ್ತಿಡುವ ಹಾಗೆ ಅಂದರು. "ಅದು ಅಭ್ಯಾಸದ ಕೋಣೆ. ಗೋಡೆ ಮೇಲೆ ವೇಳಾಪಟ್ಟಿ ಅಂಟಿಸಿದೆ. ಒಬ್ಬರು ನೊಂದಿದ್ರು, ನೀನು ಮನುಷ್ಯನ ಹಾಗೆ ನಡ್ಕೊಂಡೆ. ಇದಕ್ಕೆ ಯಾಕೆ ಕಾನೂನು ಪುಸ್ತಕ ಬಿಚ್ತೀಯ?"

"ಆ ಅಮ್ಮ ನಿಜವಾಗಿಯೂ ಕ್ಷಮೆ ಸಿಕ್ಕಿತು ಅಂದ್ಕೊಂಡು ಹೋಗಿದ್ದಾರೆ."

"ಒಳ್ಳೇದಾಯ್ತು. ಸಮಾಧಾನ ಸಿಕ್ಕಿತಲ್ಲ? ಅದನ್ನ ಕಿತ್ಕೊಂಡು ನಿನಗೇನು ಬರಬೇಕು?" ರೆಕ್ಟರ್ ಕಿಟಕಿಯ ಕಡೆ ನೋಡಿದರು. ಅವರ ದನಿ ಸ್ವಲ್ಪ ಕುಗ್ಗಿತು. "ನೋಡಪ್ಪ, ಈ ಕುರ್ಚಿ ಹಾಕ್ಸೋಕೆ ನಾನು ಎಷ್ಟು ಜನರ ಕಾಲು ಹಿಡಿದಿದ್ದೀನಿ ಅಂತ ನಿನಗೆ ಗೊತ್ತಿಲ್ಲ. ಇದು ಹೊರಗೆ ಹೋದ್ರೆ ನಾಳೆ ಬೆಳಿಗ್ಗೆ ಜಾಲರಿ ವಾಪಸ್ ಬರುತ್ತೆ. ಜೊತೆಗೆ ಹಳೇ ಕಾಲವೂ ಬರುತ್ತೆ. ಯಾರಾದ್ರೂ ಕೇಳಿದ್ರೆ, ಅಭ್ಯಾಸ ಅನ್ನು. ಒಂದೇ ಮಾತು."

ಚಹಾ ಚೆನ್ನಾಗಿತ್ತು. ಒಂದೇ ಮಾತು, ಸಣ್ಣ ಮಾತು. ಅದನ್ನು ಬಾಯಲ್ಲಿ ಹೊರಳಿಸುತ್ತ ಅವನು ಹೊರಗೆ ಬಂದ. ಕೋಣೆಗೆ ಹೋಗಿ ಮಲಗಿಬಿಡಬೇಕೆಂದಿದ್ದವನ ಕಾಲು ಹಿತ್ತಲ ಕಡೆ ನಡೆಯಿತು.

ತಕ್ಕಡಿ ಫಾದರ್ ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಬೂಟು ಅವರಷ್ಟೇ ಹಳೆಯದು.

"ಅವಳು ಏನು ಹೇಳಿದಳು ಅಂತ ನನಗೆ ಬೇಡ," ಎಂದರು, ಅವನು ದರ್ಜಿ ಅಮ್ಮನ ಮಾತೆತ್ತಿದ ಕೂಡಲೇ. "ನೀನು ಏನು ಹೇಳಿದೆ?"

"ಆ ಸಾಲನ್ನ ಪೂರ್ತಿ ಹೇಳಿದೆ ಫಾದರ್."

ಬ್ರಶ್ಶು ನಿಂತಿತು.

"ಹೇಳೋವಾಗ ಅಭ್ಯಾಸ ಮಾಡ್ತಿದ್ದೆಯೋ, ಕ್ಷಮಿಸ್ತಿದ್ದೆಯೋ?"

ರೆಕ್ಟರ್ ಕೊಟ್ಟ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಬೆಣ್ಣೆ ಮೆಟ್ಟಿಲ ಮೇಲಿನ ಕಪ್ಪು ಪಾಲಿಶಿನ ಡಬ್ಬಿಯನ್ನು ನೋಡಿದ, ಅದರ ಮುಚ್ಚಳವನ್ನು ನೋಡಿದ.

"ಕ್ಷಮಿಸ್ತಿದ್ದೆ."

ಮುದುಕರು ಬೂಟನ್ನು ಪಕ್ಕಕ್ಕಿಟ್ಟರು. "ಅಭ್ಯಾಸ ಅಂತ ಅನ್ನಬಾರದಿತ್ತೇನೋ," ಎಂದರು. "ನಾನು ನಂಬ್ತಿದ್ದೆ. ನಂಬೋಕೆ ತಯಾರಾಗೇ ಕೂತಿದ್ದೆ."

"ಈಗ ಏನಾಗುತ್ತೆ?"

"ಗೊತ್ತಿರೋದನ್ನೇ ಕೇಳ್ತೀಯ. ಗುರು ಅಲ್ಲದವನು ತಿಳಿದೂ ತಿಳಿದೂ ಗುರುವಿನ ಕೆಲಸಕ್ಕೆ ಕೈ ಹಾಕಿದ್ರೆ ದೀಕ್ಷೆಯ ಬಾಗಿಲು ತಾನಾಗೇ ಮುಚ್ಚಿಕೊಳ್ಳುತ್ತೆ. ನಾನೂ ಮುಚ್ಚಲ್ಲ, ರೆಕ್ಟರೂ ಮುಚ್ಚಲ್ಲ. ತೆಗೆಯೋರು ಬಿಷಪ್ಪರು. ನಾಳೆಯೇ ತೆಗೀತಾರೋ, ವರ್ಷ ಕಾಯಿಸ್ತಾರೋ, ಇವನು ಈ ಕೆಲಸಕ್ಕೆ ತೀರಾ ಮೆತ್ತಗೆ ಅಂತ ಊರಿಗೇ ಕಳಿಸ್ತಾರೋ. ನಿನ್ನೊಳಗೆ ಏನಿತ್ತು ಅನ್ನೋದು ನೀನು ಹೇಳದೆ ಅವರಿಗೂ ಕಾಣಲ್ಲ. ಅದನ್ನೂ ನಿನಗೆ ಈಗಲೇ ಹೇಳಿಬಿಡ್ತೀನಿ."

ಬೆಣ್ಣೆಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಜಾಲರಿ ಮುಂದೆ ಆ ಅಮ್ಮನ ಬಾಯಿಗೆ ಬಾರದ್ದು ಒಬ್ಬರ ಮುಖ ನೋಡಿದ್ದಕ್ಕೆ ಬಂತು ಫಾದರ್. ಅದೂ ತಪ್ಪಾ? ಅದೂ ತೂಕಕ್ಕೆ ಬರುತ್ತಾ?"

ಬೈಯುತ್ತಾರೆಂದುಕೊಂಡಿದ್ದ. ಬೈಯಲಿಲ್ಲ. ಪಾಲಿಶ್ ಅಂಟಿದ ಬೆರಳುಗಳನ್ನು ಒಂದೊಂದಾಗಿ ಬಟ್ಟೆಗೆ ಒರೆಸಿಕೊಂಡರು.

"ನೀನು ಬರೋದಕ್ಕೆ ಮುಂಚೆಯಿಂದಲೂ ಅದನ್ನೇ ಯೋಚಿಸ್ತಿದ್ದೆ. ಅಷ್ಟು ವರ್ಷ ಆ ಜಾಲರಿ ಹಿಂದೆ ಕೂತು 'ಇನ್ನೇನಮ್ಮ, ಇನ್ನೇನಪ್ಪ' ಅಂದೆನಲ್ಲ, ಬಂದೋರೆಲ್ಲ ನನಗೂ ಬರೀ ಚೀಟಿ ಓದಿ ಹೋದ್ರೇನೋ ಅಂತ." ಮುಚ್ಚಳವನ್ನು ಡಬ್ಬಿಗೆ ಒತ್ತಿ ಹಾಕಿದರು. "ಆದ್ರೂ ಆಕೆಗೆ ಹೇಳಬೇಕು. ಖಾಲಿ ಲೋಟ ಕೊಟ್ಟು ನೀರು ಅಂದಿದ್ದೀಯ."

"ಬಾಯಾರಿಕೆ ಹೋಗಿದೆ ಅವರಿಗೆ."

"ಇವತ್ತು," ಎಂದರು ತಕ್ಕಡಿ ಫಾದರ್.

ಮರುದಿನ ಬೆಣ್ಣೆ ದರ್ಜಿ ಅಮ್ಮನ ಅಂಗಡಿಯ ಮೆಟ್ಟಿಲು ಹತ್ತಿದ. ಕಿರಿದಾದ, ಉದ್ದನೆಯ ಅಂಗಡಿ. ಒಳಗೆ ಹೋದಂತೆಲ್ಲ ಬಟ್ಟೆಯ ಗಂಜಿಯ ವಾಸನೆ. ಹೊಲಿಗೆ ಯಂತ್ರದ ಸದ್ದಿನ ಮೇಲೆ ಆಕೆ ಏನನ್ನೋ ಗುನುಗುತ್ತಿದ್ದಳು. ಅವನನ್ನು ಕಂಡದ್ದೇ ಯಂತ್ರ ನಿಲ್ಲಿಸಿ, "ಬನ್ನಿ ಬನ್ನಿ, ಸರಿಯಾದ ಹೊತ್ತಿಗೆ ಬಂದ್ರಿ. ನಿಮ್ಮದೇ ಮೇಜಿನ ಮೇಲಿರೋದು," ಎಂದು ಬಿಳಿಯ ಪೂಜಾವಸ್ತ್ರವನ್ನು ಕೊಡವಿ ಅವನ ತಲೆಯ ಮೇಲಿಂದ ಇಳಿಬಿಟ್ಟಳು. ಬೇಡವೆನ್ನಲು ಬಾಯಿ ಬರಲಿಲ್ಲ. ಅವಳು ಅಂಚು ಮಡಿಸುತ್ತ ಅವನ ಸುತ್ತ ಮಂಡಿಯೂರಿ ಸರಿದಳು.

"ರಾತ್ರಿ ಎಂಥ ನಿದ್ದೆ ಅಂತೀರಿ! ಮಗಳು ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳಂತೆ, ಉಸಿರಾಡ್ತಾ ಇದ್ದಾಳೋ ಇಲ್ವೋ ಅಂತ." ನಕ್ಕಳು. "ಭಾವನ ಮನೆಗೆ ಒಂದ್ಸಲ ಹೋಗಿಬರೋಣ ಅಂತಿದ್ದೀನಿ. ಆ ಓರಗಿತ್ತಿ ಇದ್ರೂ ಇರ್ಲಿ. ಅವಳ ಮುಖ ಒಂದು ನೋಡಿದ್ರೆ ನಾನೇನು ಸವೆದುಹೋಗ್ತೀನಾ?"

ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಳು. ಇನ್ನು ಅವಳು ಮಾತಾಡುವಂತಿರಲಿಲ್ಲ. ಅವನು ಆ ಸಮಯ ನೋಡಿಯೇ ಹೇಳಿದ್ದು ಹೇಡಿತನವಿದ್ದೀತು.

"ಅಮ್ಮ, ನಿನ್ನೆ ನಾನು ಹೇಳಿದ್ದು... ಆ ಮಾತು ಹೇಳೋ ಅಧಿಕಾರ ನನಗಿಲ್ಲ. ನಾನಿನ್ನೂ ಗುರು ಅಲ್ಲ. ನಿಮಗೆ ಕ್ಷಮೆ ಸಿಕ್ಕಿಲ್ಲ."

ಕೈ ಅಂಚಿನಲ್ಲೇ ನಿಂತಿತು. ಅವನು ಕೆಳಗೆ ನೋಡಿದ. ಅವಳ ನೆತ್ತಿ, ನರೆಗೂದಲ ಬೈತಲೆ ಮಾತ್ರ ಕಂಡಿತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಅವಳು ಸೂಜಿಗಳನ್ನು ಬಾಯಿಂದ ಒಂದೊಂದೇ ತೆಗೆದು ಕೈಗೆ ಕಟ್ಟಿದ ದಿಂಬಿಗೆ ಚುಚ್ಚಿದಳು.

"ನಾನೇ ಕೇಳಿದ್ದೆನಲ್ಲ, ಲೆಕ್ಕಕ್ಕಿಲ್ಲ ತಾನೇ ಅಂತ," ಅಂದಳು. "ಹೋಗ್ಲಿ ಬಿಡಿ. ಭಾನುವಾರ ದೀಕ್ಷೆ ಆಗುತ್ತಲ್ಲ. ಆದ ತಕ್ಷಣ ಮೊದಲು ನನ್ನ ಕರೀರಿ. ಇನ್ನೊಂದ್ಸಲ ಹೇಳ್ತೀನಿ, ನೀವೂ ಇನ್ನೊಂದ್ಸಲ ಹೇಳಿ. ಆಗ ಸರಿಹೋಯ್ತಲ್ಲ?"

ಇದನ್ನು ಅವನು ಎಣಿಸಿರಲಿಲ್ಲ. ಎಷ್ಟು ಸುಲಭ. ಬಾಯಿ ಮುಚ್ಚಿಕೊಂಡಿದ್ದರೆ ಭಾನುವಾರ ಬರುತ್ತದೆ; ಭಾನುವಾರ ಬಂದರೆ ಇವಳ ಕ್ಷಮೆಯೂ ಬರುತ್ತದೆ, ತಾಯಿಯ ಬಸ್ಸೂ ಬರುತ್ತದೆ. ಮೈಮೇಲಿನ ಬಟ್ಟೆ ಒಮ್ಮೆಲೇ ತೂಕವಾದ ಹಾಗೆನಿಸಿತು.

"ಭಾನುವಾರ ನನಗೆ ದೀಕ್ಷೆ ಆಗದೆ ಇರಬಹುದು ಅಮ್ಮ. ಆ ಮಾತು ಆಡಿದ್ದಕ್ಕೇ."

"ಯಾರು ದೂರು ಕೊಟ್ರು?"

"ಯಾರೂ ಇಲ್ಲ. ನಾನೇ ಹೇಳ್ತೀನಿ."

ಅವಳು ಎದ್ದು ನಿಂತಳು. ಮುಖ ಕೆಂಪಾಗಿತ್ತು. "ನಿಮಗೇನು ತಲೆ ಕೆಟ್ಟಿದೆಯಾ? ಕೋಣೆಯೊಳಗೆ ಇದ್ದೋರು ನಾವಿಬ್ರು. ನಾನು ಬಾಯಿ ಬಿಡಲ್ಲ. ನೀವು ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕೆ ಅಂತ ಹೊತ್ತು ತಂದು ನನ್ನ ಎದೆ ಮೇಲೆ ಇಟ್ರಾ? ನಾನು ಒಂದು ರಾತ್ರಿ ಮಲಗಿದ್ದೆ, ಬ್ರದರ್. ಒಂದೇ ರಾತ್ರಿ!"

ಅವನು ಅರ್ಧ ಪಿನ್ನು ಮಾಡಿದ ಪೂಜಾವಸ್ತ್ರದಲ್ಲಿ, ಒಂದು ಕಡೆ ಅಂಚು ಮೇಲೆ, ಒಂದು ಕಡೆ ಕೆಳಗೆ, ಬೆದರುಬೊಂಬೆಯ ಹಾಗೆ ನಿಂತಿದ್ದ.

"ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದಳು.

"ಯಾರಿಗೂ ಇಲ್ಲ."

ಅವಳು ಮೇಜಿನ ಅಂಚು ಹಿಡಿದು, ಚೂರು ಬಟ್ಟೆಗಳ ರಾಶಿಯ ಪಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು.

"ಆ ಜಗಲಿ ಮೇಲೆ ಕೂತಾಗ ನಾನೂ ಅದನ್ನೇ ಅಂದ್ಕೊಂಡಿದ್ದೆ," ಅಂದಳು.

ಆಮೇಲೆ ಅವಳೇ ಎದ್ದು ಬಂದು, ಸೂಜಿ ತಾಗದ ಹಾಗೆ ವಸ್ತ್ರವನ್ನು ಅವನ ತಲೆಯ ಮೇಲಿಂದ ಬಿಡಿಸಿ, ಮಡಿಸಿ, ಗಿರಾಕಿಗಳ ಬಟ್ಟೆ ಇಡುವ ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. ಯಾವ ದಿನಕ್ಕೆ ಬೇಕೆಂದು ಕೇಳಲಿಲ್ಲ.

"ಬೇರೆ ಯಾರು ಕೇಳ್ತಾರೆ ಇದನ್ನ?" ಎಂದಳು, ಅವನ ಕಡೆ ನೋಡದೆ.

"ತಕ್ಕಡಿ ಫಾ... ನಮ್ಮ ನೀತಿಶಾಸ್ತ್ರದ ಫಾದರ್. ಬೆಳಿಗ್ಗೆ ಹೊತ್ತು ಪ್ರಾರ್ಥನಾಲಯದಲ್ಲಿರ್ತಾರೆ."

"ಅಯ್ಯೋ, ಆ ಗಂಟುಮುಖದವರಾ?" ಎಂದಳು. ಮತ್ತೆ ಯಂತ್ರದ ಮುಂದೆ ಕೂತಳು. ಅವನು ಮೆಟ್ಟಿಲಿಳಿದ ಮೇಲೂ ಎಷ್ಟೋ ದೂರದವರೆಗೆ ಯಂತ್ರದ ಸದ್ದು ಕೇಳಲಿಲ್ಲ.

ಆ ಸಂಜೆ ರೆಕ್ಟರ್ ಬಿಷಪ್ಪರಿಗೆ ಫೋನು ಮಾಡಿದರು. ಮಾಡುವ ಮೊದಲು ಬೆಣ್ಣೆಯನ್ನು ಮೂರು ಸಲ, "ಇನ್ನೊಮ್ಮೆ ಯೋಚಿಸು" ಎಂದರು. ಕೆಟಲು ಅಂದು ತಣ್ಣಗಿತ್ತು. ಫೋನಿಟ್ಟ ಮೇಲೆ, ಬಿಷಪ್ಪರು ಅವನನ್ನು ಖುದ್ದಾಗಿ ನೋಡಬೇಕೆಂದಿದ್ದಾರೆ, ಈ ಭಾನುವಾರವಂತೂ ಬೇಡ ಎಂದಿದ್ದಾರೆ ಎಂದರು. ಮುಂದೆ ಎಂದು, ಏನು, ಹೇಳಲಿಲ್ಲವಂತೆ. ಸುದ್ದಿ ಕೇಳಿದ ಉದ್ದಣ್ಣ ಹಾಸಿಗೆಯ ಮೇಲೆ ಕೂತು, "ಲೋ, ದೀಕ್ಷೇಲಿ ನೀನಿಲ್ಲದೆ ನಾನು ಹೆಂಗೋ ಬಿಷಪ್ಪರ ಮುಂದೆ ನೆಲಕ್ಕೆ ಬೋರಲು ಮಲಗ್ಲಿ... ನನ್ನ ಕಾಲು ಆಚೆ ಹೋಗದ ಹಾಗೆ ನೋಡ್ಕೊಳ್ಳೋನು ನೀನು ತಾನೇ?" ಎಂದ. ನಗಲು ನೋಡಿದ. ಆಗಲಿಲ್ಲ.

ತಾಯಿಗೆ ಹೇಳುವುದೇ ಕಷ್ಟವಾಯಿತು.

"ಅಮ್ಮ, ಬಸ್ಸು ಬೇಡ ಅಂತ ಹೇಳಿಬಿಡು."

"ಯಾಕೋ, ಚಿಕ್ಕದಾಯ್ತಾ? ದೊಡ್ಡದು ಕೇಳೋಣ್ವಾ?"

"ಈ ಭಾನುವಾರ ಇಲ್ಲಮ್ಮ ನನ್ನ ದೀಕ್ಷೆ. ಮುಂದಕ್ಕೆ ಹೋಯ್ತು."

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಟಿವಿಯ ಸದ್ದು. "ಏನು ತಪ್ಪು ಮಾಡ್ದೆ?" ಎಂದಳು ತಾಯಿ.

"ಒಬ್ಬರನ್ನ ಕ್ಷಮಿಸಿದೆ."

"ಅದಕ್ಕಾ?" ತಾಯಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಲು ಹೊರಟು ಅರ್ಧದಲ್ಲಿ ಬಿಟ್ಟ. "ಅತ್ತೆಗೆ ನಾನು ಏನಂತ ಹೇಳ್ಲೋ," ಎಂದು ತಾಯಿ ತನಗೆ ತಾನೇ ಅಂದುಕೊಳ್ಳುವುದು ಕೇಳಿಸಿತು.

ಮರುದಿನ ಬೆಳಿಗ್ಗೆ ಮೊದಲ ತರಗತಿಯ ಗಂಟೆ ಹೊಡೆದ ಮೇಲೆ ದರ್ಜಿ ಅಮ್ಮ ಬಂದಳು. ಪ್ರಾರ್ಥನಾಲಯದ ಹೊರಗಿನ ಪಡಸಾಲೆಯಲ್ಲಿ ಬೆಣ್ಣೆ ಇದ್ದ. ಅವಳು ಅವನಿಗೆ ನಮಸ್ಕಾರವೆನ್ನಲಿಲ್ಲ, ಬ್ರದರ್ ಎನ್ನಲಿಲ್ಲ. ಹೆಗಲಿನ ಚೀಲವನ್ನು ತೆಗೆದು, "ಹಿಡ್ಕೊಳ್ಳಿ ಇದನ್ನ, ಒಳಗೆಲ್ಲಿ ಇಡೋದು," ಎಂದು ಅವನ ಕೈಗೆ ಕೊಟ್ಟು ಒಳಗೆ ಹೋದಳು. ಚೀಲ ನೋಡಿದ್ದಕ್ಕಿಂತ ಭಾರವಾಗಿತ್ತು. ದೊಡ್ಡ ಕತ್ತರಿ ಇದ್ದಿರಬೇಕು.

ಮೂಲೆಯಲ್ಲಿ ಜಾಲರಿ. ಅದರ ಆಚೆ ಮುದಿ ಫಾದರ್ ಒಮ್ಮೆ ಕೆಮ್ಮಿದರು. ಈಚೆಯ ಪರದೆ ಮಂಡಿಯವರೆಗೆ ಮಾತ್ರ ಇಳಿಬಿದ್ದಿತ್ತು. ಅವಳು ಅದರ ಹಿಂದೆ ಮೊಣಕಾಲೂರಿದಳು. ಮೊದಲು ಒಂದು ಪಿಸುದನಿ, ಆಮೇಲೆ ಅದೂ ಇಲ್ಲ. ತಡವಾಗಿ ಬಂದ ಕಿರಿಯರಿಬ್ಬರು ಪಡಸಾಲೆಯಲ್ಲಿ ಓಡುತ್ತ ಬಂದು, ಹೆಂಗಸರ ಚೀಲ ಹಿಡಿದು ನಿಂತ ಬೆಣ್ಣೆಯನ್ನು ಕಂಡು, ನಡಿಗೆ ನಿಧಾನ ಮಾಡಿ, "ಗುಡ್ ಮಾರ್ನಿಂಗ್ ಬ್ರದರ್" ಎಂದು ದಾಟಿಹೋದರು.

ತೆರೆದ ಬಾಗಿಲಿನಿಂದ ಅವನಿಗೆ ಪರದೆಯ ಕೆಳಗೆ ಅವಳ ಎರಡು ಅಂಗಾಲುಗಳು ಮಾತ್ರ ಕಾಣುತ್ತಿದ್ದವು, ಬಿರುಕು ಬಿಟ್ಟ ಹಿಮ್ಮಡಿ, ನೆಲಕ್ಕೆ ಒತ್ತಿ ಹಿಡಿದ ಬೆರಳುಗಳು. ಒಂದು ಪಾದ ಎದ್ದುಬಿಡುವ ಹಾಗೆ ಸ್ವಲ್ಪ ಮೇಲೆದ್ದಿತು. ಮತ್ತೆ ಮೆಲ್ಲನೆ ಇಳಿಯಿತು. ಅವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ.